ಹೋರಿ ಓಡಿಸಿದವಳು

ಸೌಮ್ಯಳ ತಲೆನೋವು ಶುರುವಾದದ್ದು ಒಂದು ಫೋನಿನಿಂದ. ಅವಳಿಗಳಿಗೆ ಹುಟ್ಟಿನಿಂದ ಬರುವುದೆಷ್ಟು, ಬೆಳೆದ ಮನೆಯಿಂದ ಬರುವುದೆಷ್ಟು ಎಂದು ಅಧ್ಯಯನ ಮಾಡುತ್ತಿದ್ದ ದುಷ್ಯಂತ್ ಎಂಬ ಯುವಕ, "ಬಾಲ್ಯದ ಒಂದು ನೆನಪು ಹೇಳಿ ಮೇಡಂ" ಎಂದ. ಎಮ್ಮೆದೊಡ್ಡಿಯ ದನ ಮೇಯುವ ಕಾವಲಿನಲ್ಲಿ ಅಜ್ಜಿಯ ಮೇಲೆ ನುಗ್ಗಿದ ಅಮೃತಮಹಲ್ ಹೋರಿಯನ್ನು ತಾನು ಪೊರಕೆಯಲ್ಲಿ ಹೊಡೆದು ಓಡಿಸಿದ್ದನ್ನು ಅವಳು ಹೇಳಿದಳು.

ಆತ ಹಾಳೆ ತಿರುವಿದ ಸದ್ದು ಕೇಳಿತು. "ಅಜ್ಜಂಪುರದ ನಿಮ್ಮ ಅವಳಿ ರಮ್ಯ ಅವರೂ ಇದನ್ನೇ ಹೇಳಿದ್ರು. ಓಡಿಸಿದ್ದು ಅವರಂತೆ. ನೀವು ಬಣವೆ ಹಿಂದೆ ಅಡಗಿದ್ರಂತೆ."

ಸೌಮ್ಯ ಹಲ್ಲಿಗೆ ಹೆದರುವವಳು, ಗುಡುಗಿಗೆ ಹೆದರುವವಳು. ಅವಳ ಪಾಲಿಗೆ ಧೈರ್ಯವೆಂದರೆ ಆ ಹೋರಿಯೊಂದೇ. ಗಂಡ ಗುರುಮೂರ್ತಿ ಹಂಗಿಸಿದಾಗಲೆಲ್ಲ ಅದನ್ನು ಹೊರಗೆ ಬಿಡುತ್ತಿದ್ದಳು. ಬಿಟ್ಟಾಗಲೆಲ್ಲ ಹೋರಿ ಸ್ವಲ್ಪ ದಪ್ಪಗಾಗುತ್ತಿತ್ತು. ಹಣೆಯ ಮೇಲಿನ ಬಿಳಿ ಚುಕ್ಕೆಯನ್ನಂತೂ ಅವಳೇ ಇಟ್ಟದ್ದು, ಮದುವೆಯಾದ ಮೇಲೆ. ಈಗ ಸ್ಕೂಟರ್ ಕಲಿಯುತ್ತೇನೆಂದು ಹಟ ಹಿಡಿದಿದ್ದೂ ಅದರ ಬಲದಿಂದಲೇ.

"ಹೋರಿ ನಿಂದೇ ಅಂತ ಅಜ್ಜಿ ಬಾಯಲ್ಲಿ ಹೇಳ್ಸು, ಸ್ಕೂಟರ್ ಕೀಲಿ ನಿಂದು" ಎಂದ ಗುರುಮೂರ್ತಿ.

ಹಾಗಾಗಿ ಭಾನುವಾರ ತರೀಕೆರೆಯಿಂದ ಬಸ್ಸು ಹತ್ತಿದಳು. ಪಕ್ಕದ ಮನೆಯ ಅಂಬಮ್ಮನೂ ಹತ್ತಿದಳು, ಕರೆಯದೆ. "ಎಮ್ಮೆದೊಡ್ಡಿ ನನ್ ತವರು ಕಣೇ. ಸಾಕ್ಷಿಗೆ ನಾನಿಲ್ವಾ? ನೀನು ನೂರು ಸಲ ಹೇಳಿರೋದು ಕೇಳಿದೀನಿ."

ಕಡೂರು ಸ್ಟ್ಯಾಂಡಿನಲ್ಲಿ ರಮ್ಯ ಕಾದಿದ್ದಳು. ಒಬ್ಬಳು ಅಪ್ಪನ ಮನೆಯಲ್ಲಿ, ಇನ್ನೊಬ್ಬಳು ಸೋದರತ್ತೆಯ ಮನೆಯಲ್ಲಿ ಬೆಳೆದವರು; ಅಜ್ಜಿಯ ಊರಲ್ಲಿ ಸೇರುತ್ತಿದ್ದದ್ದು ರಜೆಗೆ ಮಾತ್ರ. ಆದರೂ ಇಬ್ಬರೂ ವಾಂತಿಯಾಗದಿರಲೆಂದು ನಿಂಬೆಹಣ್ಣು ಹಿಡಿದಿದ್ದರು. ಇಬ್ಬರೂ ಒಟ್ಟಿಗೇ ಮನೆಗೆ ಫೋನು ಮಾಡಿ, "ಗ್ಯಾಸ್ ಆಫ್ ಮಾಡಿದೀರಾ ನೋಡ್ರೀ" ಎಂದರು. ಆಟೋದಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕನ್ನಡಿ ನೋಡಿ ಬೇಸತ್ತವರಂತೆ ರಸ್ತೆ ನೋಡುತ್ತಾ ಕೂತರು.

ಎಮ್ಮೆದೊಡ್ಡಿಯಲ್ಲಿ ಅಜ್ಜಿ ಕರಿಬಸಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ದುಷ್ಯಂತ್ ರೆಕಾರ್ಡರ್ ಹಿಡಿದು ಮೊದಲೇ ಬಂದು ಕೂತಿದ್ದ. ಅರ್ಧ ಊರೇ ಅಂಗಳದಲ್ಲಿತ್ತು.

"ನಾನೇ ಅಂತ ನೀನೇ ಹೇಳಿದ್ದೆ ಅಲ್ವಾ ಅಜ್ಜಿ?" ಎಂದಳು ಸೌಮ್ಯ.

"ನಂಗೂ ಹೇಳಿದ್ದೆ!" ಎಂದಳು ರಮ್ಯ.

"ಹೂಂ, ಇಬ್ಬರಿಗೂ ಹೇಳ್ದೆ" ಎಂದಳು ಅಜ್ಜಿ. "ನಿಮ್ಮಲ್ಲಿ ಯಾರು ಯಾರು ಅಂತ ನಂಗೇನು ಗೊತ್ತಾಗುತ್ತೆ? ಕೇಳಿದವಳಿಗೆಲ್ಲಾ 'ನೀನೇ ಕಣವ್ವಾ' ಅಂತಿದ್ದೆ. ಮಕ್ಕಳು, ಖುಷಿ ಪಡ್ಲಿ ಅಂತ."

"ಇವತ್ತು ನಿಜ ಹೇಳಿ ಅಜ್ಜಿ" ಎಂದು ದುಷ್ಯಂತ್ ಬೇಡಿಕೊಂಡ.

"ನಿಜ ಬೇಕಾ? ನೀವಿಬ್ರೂ ನನ್ ಸೀರೆಯೊಳಗೆ ಸೇರ್ಕೊಂಡು ಒಂದೇ ರಾಗದಲ್ಲಿ ಅಳ್ತಿದ್ರಿ. ಹೋರಿಗೆ ಬಾರಿಸಿದ್ದು ಈ ಅಂಬಿ." ಅಜ್ಜಿಯ ಬೆರಳು ನೇರ ಅಂಬಮ್ಮನ ಮೂಗಿಗೆ ನೆಟ್ಟಿತು.

ಅಂಬಮ್ಮ ಬಾಯಿ ತೆರೆದಳು. "ನಾನಾ? ಕಾವಲಿನ ದನ ಕಾಯೋರ ಮನೆ ಹುಡುಗಿ ನಾನು, ದಿನಾ ಒಂದು ದನಕ್ಕೆ ಬಾರಿಸ್ತಿದ್ದೆ. ಯಾವ್ದು ಅಂತ ನೆನಪಿಟ್ಕೊಳ್ಳಲಿ?"

ಅಂಗಳ ನಕ್ಕಿತು. ಸೌಮ್ಯ, ರಮ್ಯ ಇಬ್ಬರೂ ಒಟ್ಟಿಗೇ ಸೆರಗಿನಿಂದ ಮುಖ ಒರೆಸಿಕೊಂಡರು. ದುಷ್ಯಂತ್ ಅದನ್ನೂ ಬರೆದುಕೊಂಡ.

ವಾಪಸಾಗುವಾಗ ಬೀರೂರಿನ ತನಕ ಅಂಬಮ್ಮ ಕಿಟಕಿಯಾಚೆಯ ದನಗಳನ್ನೇ ನೋಡುತ್ತಿದ್ದಳು. ಬೀರೂರು ದಾಟಿದ ಮೇಲೆ ಮುಂದಿನ ಸೀಟಿನವರನ್ನು ತಟ್ಟಿ ಎಬ್ಬಿಸಿದಳು. "ಈಗ ನೆನಪಾಗ್ತಾ ಐತೆ ಕಣ್ರೀ. ಎಂಥಾ ಹೋರಿ ಅಂತೀರಾ! ಹಣೆ ಮೇಲೆ ಇಷ್ಟಗಲ ಬಿಳಿ ಚುಕ್ಕೆ!"

ಸೌಮ್ಯ ಕಣ್ಣು ಮುಚ್ಚಿಕೊಂಡಳು.

ತರೀಕೆರೆ ಸ್ಟ್ಯಾಂಡಿನಲ್ಲಿ ಗುರುಮೂರ್ತಿ ಸ್ಕೂಟರ್ ತಂದು ನಿಂತಿದ್ದ. "ಏನಾಯ್ತು? ಹೋರಿ ಓಡಿಸಿದ್ದು ಯಾರು?"

"ನಾನೇ ಕಣಪ್ಪಾ!" ಎನ್ನುತ್ತಾ ಅಂಬಮ್ಮ ಹಿಂದಿನ ಸೀಟು ಹತ್ತಿ ಕೂತಳು. "ಮನೆ ತಂಕ ಬಿಡು, ದಾರೀಲಿ ಹೇಳ್ತೀನಿ. ನಾಳೆಯಿಂದ ಇದನ್ನ ನಂಗೇ ಕಲಿಸ್ಬಿಡು."

ಸ್ಕೂಟರ್ ಹೊರಟಿತು. ಸೌಮ್ಯ ಬಾಡಿದ ನಿಂಬೆಹಣ್ಣು ಹಿಡಿದು, ರಸ್ತೆಬದಿಯ ದನಗಳಿಂದ ದೂರ ಸರಿಯುತ್ತಾ, ಮನೆಯ ಕಡೆ ನಡೆದಳು.