ಸಂತಿಯಾಗುವಿನ ದೋಣಿಯ ಹಿಂಬದಿ

ಎಲ್ಲ ರಗಳೆಗೂ ಕಾರಣ ಆ ಹರಿದ ಚಿತ್ರ. ಮಂಡಿ ಮೊಹಲ್ಲಾದ ಅಂಗಡಿಯೊಂದರಲ್ಲಿ ಬೆಲ್ಲ ಕಟ್ಟಿಕೊಟ್ಟ ಹಳೇ ಇಂಗ್ಲಿಷ್ ಪೇಪರಿನಲ್ಲಿ ಒಂದು ಹಾಯಿದೋಣಿಯ ಚಿತ್ರವಿತ್ತು. ಮುಂದಿನ ಮೂತಿ, ನಡುವಿನ ಕಂಬ, ಕಂಬಕ್ಕೆ ಕಟ್ಟಿದ ಹಾಯಿ, ಎಲ್ಲಾ ಚೆನ್ನಾಗಿ ಕಾಣುತ್ತಿತ್ತು. ಹಿಂಬದಿ ಮಾತ್ರ ಇನ್ಯಾರದೋ ಮನೆಗೆ ಮೆಣಸಿನಕಾಯಿ ಕಟ್ಟಿಕೊಂಡು ಹೋಗಿಬಿಟ್ಟಿತ್ತು.

ಪೂರ್ತಿ ಚಿತ್ರ ಸಿಕ್ಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಸಂತಿಯಾಗು ಜಟಕಾ ಗಾಡಿ ಮಾಡುವ ಬಡಗಿ. ಕಣ್ಣಿಗೆ ಕಂಡದ್ದನ್ನು ಮರದಲ್ಲಿ ಮಾಡಿಬಿಡುವ ಮನುಷ್ಯ. ಕಾಣದ್ದನ್ನು ತಾನೇ ಊಹಿಸಿಕೊಂಡು, ಹಿಂದೆಯೂ ಮುಂದಿನ ಹಾಗೇ ಚೂಪಾಗಿ ಇಟ್ಟು, ಮನೆ ಮುಂದಿನ ಚಪ್ಪರದಡಿ ದೋಣಿ ಕಟ್ಟಿದ್ದ. ಅದರಲ್ಲಿ ಇಬ್ಬರು ಕೂರಬಹುದು. ಮೂರನೆಯವರು ಬರಬೇಕೆಂದರೆ ಈಜಿಕೊಂಡೇ ಬರಬೇಕು.

ಅವನಿಗೆ ಬೇಕಾಗಿದ್ದದ್ದೂ ಅದೇ. ನೋಡಿ, ವಿಷಯ ಹೀಗಿದೆ. ಅವನ ಹೆಂಡತಿ ಲೂರ್ದುಮೇರಿ ಮದುವೆಗೆ ಮುಂಚೆ ಇಗರ್ಜಿಯ ಪ್ರಾರ್ಥನೆಯಲ್ಲಿ ಹಾಡುವ ಹುಡುಗಿಯರ ಸಾಲಿನಲ್ಲಿದ್ದಳು. ಒಂದು ಹಬ್ಬದ ದಿನ ಕಂಬದ ಮರೆಯಲ್ಲಿ ನಿಂತು ಆ ದನಿ ಕೇಳಿದ ಸಂತಿಯಾಗು, ಮದುವೆ ಅಂತ ಆದರೆ ಇವಳನ್ನೇ ಎಂದು ಹಟ ಹಿಡಿದು ಆದ. ಮದುವೆಯಾದ ಹೆಂಗಸರು ಆ ಸಾಲಿನಲ್ಲಿ ನಿಲ್ಲುವ ಪದ್ಧತಿ ಅಲ್ಲಿರಲಿಲ್ಲ. ಮನೆಯಲ್ಲೋ ಎರಡೇ ಕೋಣೆ. ಮೂರು ಹೊತ್ತೂ ತಾಯಿ ಅಂತೋಣಮ್ಮ, ಗೋಡೆಯಾಚೆ ಪಕ್ಕದ ಮನೆ ಅಂಬುಜಮ್ಮ. ಪಾಪ, ಹಿರಿಯರ ಮುಂದೆ ನಾಚಿಕೊಂಡು ಹಾಡು ನುಂಗಿಕೊಂಡಿದ್ದಾಳೆ ಎಂದುಕೊಂಡ. ವರ್ಷಗಳು ಹಾಗೇ ಹೋದವು. ಗಂಡಹೆಂಡಿರ ಮಾತೆಲ್ಲ ಸೌದೆ, ಸೀಮೆಎಣ್ಣೆಯಲ್ಲೇ ಮುಗಿಯುತ್ತಿತ್ತು. ಯಾರೂ ಇಲ್ಲದ ನೀರಿನ ನಡುವೆ ಕೂರಿಸಿದರೆ ಇನ್ನೊಂದು ಸಲ ಹಾಡಿಯಾಳು ಎಂಬ ಆಸೆಯಿಂದ ಕಟ್ಟಿದ ದೋಣಿ ಅದು. ಇದನ್ನು ಯಾರಿಗೆ ಹೇಳುವುದು? ಹೆಂಡತಿಗೂ ಹೇಳಿರಲಿಲ್ಲ.

ಈಸ್ಟರ್ ಹಬ್ಬದ ಮಾರನೇ ದಿನ, ಸೋಮವಾರ. ಕುಕ್ಕರಹಳ್ಳಿ ಕೆರೆಗೆ ಹೋದರೆ ಅರ್ಧ ಮೈಸೂರು ಅಲ್ಲೇ ಗಾಳಿ ತೆಗೆದುಕೊಳ್ಳುತ್ತಿರುತ್ತದೆ. ಅದಕ್ಕೇ ಇಲವಾಲದ ಕಡೆಯ ಒಂದು ಕೆರೆ ಗೊತ್ತುಮಾಡಿ, ದೋಣಿ ಸಾಗಿಸಲು ಎತ್ತಿನ ಗಾಡಿಯನ್ನೂ ಹೇಳಿಟ್ಟಿದ್ದ. ಬೆಳಕು ಹರಿಯುತ್ತಲೇ ಹೆಂಡತಿಯ ಹತ್ತಿರ ಹೋಗಿ ಪಿಸುಗುಟ್ಟಿದ.

"ಇವತ್ತು ದೋಣೀಲಿ ಹೋಗಿಬರೋಣ."

"ಯಾರ್ಯಾರು?"

"ನಾವಿಬ್ರೇ."

ಲೂರ್ದುಮೇರಿ ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದಳು. "ಹೋಗ್ರೀ, ಅತ್ತೆ ಏನಂದ್ಕೊತಾರೆ?" ಅಂದಳು. ಆದರೆ ಒಳಗೆ ಹೋಗಿ ಪೆಟ್ಟಿಗೆಯಿಂದ ಒಳ್ಳೇ ಸೀರೆ ತೆಗೆದಳು. ಅದನ್ನು ನೋಡಿ ಸಂತಿಯಾಗುವಿಗೆ ಎದೆ ತುಂಬಿಬಂತು.

ಮೊದಲು ವಕ್ಕರಿಸಿದವನು ಎದುರುಮನೆ ಲಿಂಗಯ್ಯ. ಜಟಕಾ ಹೊಡೆಯುವವನು, ಊರಿನ ಯಾವ ಗಾಡಿ ಕಂಡರೂ ಒಂದು ಸುತ್ತು ಬಂದು ತಪ್ಪು ಹೇಳದೆ ಬಿಡದವನು. ದೋಣಿಯ ಮುಂದಿನ ಮೂತಿಯ ತಂಟೆಗೆ ಅವನು ಹೋಗಲಿಲ್ಲ. ಅದು ಚಿತ್ರದಲ್ಲಿತ್ತು. ಸೀದಾ ಹಿಂದಕ್ಕೆ ಬಂದ.

"ಏನಯ್ಯಾ ಇದು, ಹಿಂದೇನೂ ಚೂಪು ಮಾಡ್ಬುಟ್ಟಿದ್ದೀಯ! ಜನ ಎಲ್ಲಿಂದ ಹತ್ತಬೇಕು?"

"ಇಬ್ರಿಗೆ ಸಾಕಲ್ಲ ಲಿಂಗಯ್ಯಣ್ಣ."

"ಇಬ್ರಿಗೆ ಅಂತ ಯಾವನಾದ್ರೂ ಗಾಡಿ ಮಾಡ್ತಾನೇನಯ್ಯಾ? ಜಟಕಾ ಮಾಡೋನು ನೀನು, ನಿನಗೆ ನಾನು ಹೇಳ್ಬೇಕಾ? ಆ ತುದಿ ಕೊಯ್ದು ಹಾಕು. ಅಗಲ ಮಾಡಿ ಒಂದು ಕಾಲುಮೆಟ್ಟು ಇಡು."

ಇಬ್ಬರಿಗೇ ಯಾಕೆ ಎಂದು ಹೇಳಲು ಬಾಯಿ ಬರಬೇಕಲ್ಲ! ಸ್ವಂತ ಹೆಂಡತಿಯ ಜೊತೆ ಒಂದಿಷ್ಟು ಹೊತ್ತು ಕೂರಬೇಕು ಅಂತ ಮಂಡಿ ಮೊಹಲ್ಲಾದಲ್ಲಿ ಗಟ್ಟಿಯಾಗಿ ಹೇಳಿದ ಗಂಡಸು ಇನ್ನೂ ಹುಟ್ಟಿರಲಿಲ್ಲ. ಸಂತಿಯಾಗುವಿನ ಕಿವಿ ಕೆಂಪಾಯಿತು. ಗರಗಸ ಕೈಗೆ ತೆಗೆದುಕೊಂಡ.

ಚೂಪು ತುದಿ ದಢಾರನೆ ಬಿದ್ದ ಸದ್ದಿಗೆ ಅಂತೋಣಮ್ಮ ಹೊರಗೆ ಬಂದರು. ಅಗಲವಾದ ಹಿಂಬದಿ ನೋಡಿದ್ದೇ ತಡ, ಅವರ ಮುಖ ಅರಳಿತು.

"ನನಗೋಸ್ಕರ ಮಾಡ್ತಿದ್ದೀಯೇನೋ ಮಗಾ? ಚೂಪಾಗಿದ್ದಾಗ ನಾನು ಬಾಯಿ ಬಿಡ್ಲಿಲ್ಲ ಕಣೋ. ತಾಯೀನ ಬಿಟ್ಟು ಹೋಗ್ತಾನೆ ಅಂತ ರಾತ್ರಿಯೆಲ್ಲ ಸಂಕಟಪಟ್ಟೆ." ಅವರ ಕಣ್ಣಲ್ಲಿ ನೀರೇ ಬಂತು. ಒರೆಸಿಕೊಂಡು, "ಹಿಡ್ಕೊಳೋಕೆ ಒಂದು ಕಂಬಿ ಹಾಕ್ಬುಡು. ನನ್ನ ಮೊಣಕಾಲು ಕೇಳಬೇಕಲ್ಲ" ಅಂದರು.

ಯಾವ ಮಗ ಇಲ್ಲ ಅಂದಾನು? ಜಟಕಾದ ಹಿಂದೆ ಹಾಕುವ ಅಡ್ಡಕಂಬಿಯನ್ನೇ ತಂದು ಜಡಿದ.

ಸುತ್ತಿಗೆಯ ಸದ್ದಿಗೆ ಅಂಬುಜಮ್ಮ ಗೋಡೆಯ ಮೇಲಿಂದ ಇಣುಕಿದರು.

"ಹಿಂದುಗಡೆ ಒಂದು ಹಲಗೆ ಜಾಸ್ತಿ ಕೂಡಿಸಿದ್ರೆ ನನ್ನ ಪುಳಿಯೋಗರೆ ಬುಟ್ಟಿಗೆ ಜಾಗ ಆಗುತ್ತೆ ನೋಡಪ್ಪ."

"ಬುಟ್ಟಿ ಮಾತ್ರ ತಾನೆ ಅಂಬುಜಮ್ನೋರೇ?" ಸಂತಿಯಾಗು ಆಸೆಯಿಂದ ಕೇಳಿದ.

"ಚೆನ್ನಾಗಿದೆ! ಬುಟ್ಟಿ ಒಂದೇ ಹೋಗಿ ನಿಮಗೆ ಬಡಿಸುತ್ತಾ?"

ಹಲಗೆ ಕೂಡಿತು, ಕಾಲುಮೆಟ್ಟು, ಚುಕ್ಕಾಣಿಗಳೂ ಕೂತವು. ಸಂದುಗಳಿಗೆ ಡಾಂಬರು ಬಳಿದದ್ದೂ ಆಯಿತು. ಅಷ್ಟರಲ್ಲಿ ಅಳತೆ ನೋಡುತ್ತೇನೆಂದು ಅಂತೋಣಮ್ಮ ಹಸಿ ಡಾಂಬರಿನ ಮೇಲೇ ಕೂತುಬಿಟ್ಟರು. ಅವರನ್ನು ಎಬ್ಬಿಸಲು ಲಿಂಗಯ್ಯ ಒಂದು ಕೈ, ಸಂತಿಯಾಗು ಒಂದು ಕೈ ಹಿಡಿದು ಎಳೆಯಬೇಕಾಯಿತು. ಅವರು ಬಂದರು, ಸೀರೆಯ ಒಂದು ತುಂಡು ದೋಣಿಯಲ್ಲೇ ಉಳಿಯಿತು. ಒಳ್ಳೇ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದ ಲೂರ್ದುಮೇರಿ ನಗು ತಡೆಯಲಾರದೆ ಒಳಗೆ ಓಡಿದಳು.

ಎತ್ತಿನ ಗಾಡಿಯಲ್ಲಿ ದೋಣಿ, ಹಿಂದೆ ಲಿಂಗಯ್ಯನ ಜಟಕಾದಲ್ಲಿ ಜನ. ಕೆರೆ ಸೇರುವ ಹೊತ್ತಿಗೆ ಬಿಸಿಲು ಇಳಿದು ಗಾಳಿ ಎದ್ದಿತ್ತು. ದೋಣಿ ನೀರಿಗೆ ಇಳಿದು ಕುಲುಕಿತು, ತೇಲಿತು. ಸಂತಿಯಾಗು ಶಿಲುಬೆಯ ಗುರುತು ಮಾಡಿಕೊಂಡ. ಇನ್ನೂ ಆಸೆ ಸತ್ತಿರಲಿಲ್ಲ. ಎಲ್ಲರನ್ನೂ ಒಂದು ಸುತ್ತು ಹೊಡೆಸಿ ಇಳಿಸಿಬಿಟ್ಟರೆ ಆಮೇಲೆ ನಾವಿಬ್ಬರೇ ಎಂದು ಲೆಕ್ಕ ಹಾಕುತ್ತಿದ್ದ.

ಅಂತೋಣಮ್ಮ ಕಾಲುಮೆಟ್ಟು ಹತ್ತಿ ಕಂಬಿ ಹಿಡಿದು ಕೂತರು. ಪಕ್ಕದಲ್ಲಿ ಬುಟ್ಟಿ, ಅದರ ಪಕ್ಕ ಅಂಬುಜಮ್ಮ. ಚುಕ್ಕಾಣಿ ಹಿಂದೆಯೇ ಇದ್ದದ್ದರಿಂದ ಅದರ ಹತ್ತಿರ ಲಿಂಗಯ್ಯ. "ಕುದುರೇನೇ ಓಡಿಸ್ತೀನಂತೆ, ಇದೇನು ಮಹಾ!" ಅಂದ. ಲೂರ್ದುಮೇರಿ ನಡುವೆ ಕೂತಳು. ಹಿಂಬದಿ ದಬಕ್ಕೆಂದು ಕುಸಿದು ಮೂತಿ ಆಕಾಶಕ್ಕೆ ಎದ್ದಿತು. ಜಟಕಾದವನಿಗೆ ಇದು ದಿನಾ ಕಾಣುವ ಸಂಗತಿ.

"ಮುಂದಕ್ಕೆ ಸರೀರಿ! ಅಂತೋಣಮ್ನೋರೇ, ಒಂಚೂರು ಮುಂದೆ! ಭಾರ ಹಿಂದೆ ಬಿತ್ತು!" ಎಂದು ಲಿಂಗಯ್ಯ ಕೂಗಿದ. ಎಲ್ಲರೂ ಸರಿದರು. ಮೂತಿ ಇಳಿದು ದೋಣಿ ನೆಟ್ಟಗಾಯಿತು.

"ಈಗ ಸರಿಹೋಯ್ತು. ಒಂದು ಇರುವೆ ಹತ್ತಿದ್ರೂ ಕೆಡುತ್ತೆ. ನೂಕಯ್ಯಾ ಸಂತಿಯಾಗು!"

ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಸಂತಿಯಾಗು, ನೂಕಿ ಕಾಲುಮೆಟ್ಟಿನ ಮೇಲೆ ಹಾರಿಕೊಂಡರಾಯಿತು ಎಂದುಕೊಂಡು ಬಲವಾಗಿ ನೂಕಿದ. ಅದೇ ಗಳಿಗೆಗೆ ಹಾಯಿ ಬುಸ್ಸೆಂದು ಉಬ್ಬಿತು. ಕಾಲುಮೆಟ್ಟು ಕೈಗೆ ಸಿಗದೆ ಮುಂದೆ ಹೋಯಿತು. ಅವನು ಬೋರಲು ಬಿದ್ದ. ಎದ್ದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ದೋಣಿ ದೂರ ಹೋಗಿತ್ತು.

"ನಿಲ್ಸಿ ಲಿಂಗಯ್ಯಣ್ಣಾ!"

"ಇದಕ್ಕೆ ಲಗಾಮೆಲ್ಲಿದೆಯಯ್ಯಾ?" ಎಂಬ ಕೂಗು ಅಷ್ಟು ದೂರದಿಂದ ಅಸ್ಪಷ್ಟವಾಗಿ ಬಂತು. ಆಮೇಲೆ ಅದೂ ಇಲ್ಲ.

ದೋಣಿ ಆಚೆ ದಡದ ಕಡೆಗೆ ಹೋಗುತ್ತಿತ್ತು. ಲೂರ್ದುಮೇರಿ ಮೊದಲು ಹೆದರಿ ಅತ್ತೆಯ ತೋಳು ಹಿಡಿದಳು. ಅತ್ತೆ ಅವಳ ಬೆನ್ನು ಸವರಿ ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಅಂಬುಜಮ್ಮ ತೊಡೆಯ ಮೇಲೆ ತಾಳ ಹಾಕತೊಡಗಿದರು. ಲೂರ್ದುಮೇರಿ ತಲೆಯೆತ್ತಿದಳು. ಅವಳ ಬಾಯಿ ತೆರೆಯಿತು.

ಹಾಡುತ್ತಿದ್ದಾಳೆ! ಸಂತಿಯಾಗು ಕಿವಿಗೆ ಕೈ ಅಡ್ಡ ಹಿಡಿದ. ಉಸಿರು ಬಿಗಿಹಿಡಿದ. ಊಹೂಂ. ದೋಣಿಯನ್ನು ಒಯ್ದ ಗಾಳಿಯೇ ಹಾಡನ್ನೂ ಆಚೆಗೆ ಒಯ್ಯುತ್ತಿತ್ತು. ಅವನ ಪಾಲಿಗೆ ಒಂದು ಅಕ್ಷರವೂ ಇರಲಿಲ್ಲ.

ಓಡಿದ. ಕೆರೆಯನ್ನು ಬಳಸಿಕೊಂಡು, ಒದ್ದೆ ಪಂಚೆ ಎತ್ತಿ ಕಟ್ಟಿ, ಕೆಸರಿನಲ್ಲಿ ಒಂದು ಚಪ್ಪಲಿ ಬಿಟ್ಟು, ಮುಳ್ಳಿನಲ್ಲಿ ಇನ್ನೊಂದು ಬಿಟ್ಟು ಓಡಿದ. ದೋಣಿ ಆಚೆ ದಡದ ಜೊಂಡಿಗೆ ಸಿಕ್ಕಿ ನಿಂತಿತ್ತು. ತಿರುವಿನಲ್ಲಿ ಬಂದಾಗ ಗಾಳಿ ಒಂದೇ ಒಂದು ಎಳೆ ದನಿ ತಂದಿತು. ಕಂಬದ ಮರೆಯಲ್ಲಿ ಕೇಳಿದ್ದ ಅದೇ ದನಿ! ಅವನಿಗೆ ಅಳುವೇ ಬಂತು. ಇನ್ನಷ್ಟು ಜೋರಾಗಿ ಓಡಿ ಜೊಂಡು ಸರಿಸಿಕೊಂಡು ನುಗ್ಗಿದ.

ಲೂರ್ದುಮೇರಿ ಅವನನ್ನು ಕಂಡಳು. "ಅಯ್ಯೋ, ಬಂದ್ಬುಟ್ರು!" ಎಂದವಳೇ ಬಾಯಿ ಮುಚ್ಚಿಕೊಂಡಳು.

"ಥತ್, ಚೆನ್ನಾಗಿ ಬರ್ತಿತ್ತು!" ಎಂದು ಅಂಬುಜಮ್ಮ ತೊಡೆ ತಟ್ಟುವುದನ್ನು ನಿಲ್ಲಿಸಿದರು. "ಇನ್ನೊಂದು ಗಳಿಗೆ ಬಿಟ್ಟು ಬರೋಕಾಗ್ಲಿಲ್ವೇನಪ್ಪ ನಿನಗೆ? ಮನೇಲೂ ಇದೇ ಕತೆ. ನೀನು ಕೆಲಸಕ್ಕೆ ಹೊರಟ ಮೇಲೆ ಶುರು ಮಾಡ್ತಾಳೆ, ಬೀದಿಯೆಲ್ಲ ಕೇಳ್ತೀವಿ. ನಿನ್ನ ಹೆಜ್ಜೆ ಸದ್ದಾಯ್ತೋ, ಬಂದ್."

"ದಿನಾ ಹಾಡ್ತಾಳಾ?" ಸಂತಿಯಾಗು ನೀರಿನಲ್ಲೇ ನಿಂತುಬಿಟ್ಟ. ಲಿಂಗಯ್ಯನ ಮುಖ ನೋಡಿದ. ಲಿಂಗಯ್ಯ, ನನಗೂ ಗೊತ್ತು ಎಂಬಂತೆ ತಲೆಯಾಡಿಸಿದ. ಸಂತಿಯಾಗು ಹೆಂಡತಿಯ ಕಡೆ ತಿರುಗಿದ. "ಎಲ್ರ ಮುಂದೇನೂ ಹಾಡ್ತೀಯ. ನನ್ನ ಮುಂದೆ ಯಾಕೆ ಹಾಡಲ್ಲ ಲೂರ್ದು? ಆ ದನಿ ಕೇಳೇ ನಾನು ನಿನ್ನ ಮದುವೆ ಆದದ್ದು."

ಅವಳು ತಲೆ ತಗ್ಗಿಸಿ ಅವನಿಗಷ್ಟೇ ಕೇಳುವ ಹಾಗೆ ಹೇಳಿದಳು. "ಅದಕ್ಕೇ ಕಣ್ರೀ ಭಯ. ಆಗಿನ ದನಿ ಈಗೆಲ್ಲಿದೆ? ಬೇರೆಯವ್ರು ಚೆನ್ನಾಗಿಲ್ಲ ಅಂದ್ಕೊಂಡ್ರೆ ಅಂದ್ಕೊಳ್ಲಿ. ನೀವು ಅಂದ್ಕೊಂಡ್ಬುಟ್ರೆ ನಾನೇನು ಮಾಡ್ಲಿ?"

ಸಂತಿಯಾಗು ಇನ್ನೂ ಹತ್ತಿರ ಬಂದು ದೋಣಿಯ ಅಂಚು ಹಿಡಿದ. ಅವನ ಕೆನ್ನೆಗೆ ಮೆತ್ತಿದ್ದ ಕೆಸರನ್ನು ಅವಳು ತನ್ನ ಒಳ್ಳೇ ಸೀರೆಯ ಸೆರಗಿನಿಂದ ಒರೆಸಿದಳು. ಅವನು ಮುಖ ಮುಂದೆ ಮಾಡಿ ಒರೆಸಿಸಿಕೊಂಡ.

ಅಷ್ಟು ಹೊತ್ತೂ ಕಂಬಿ ಹಿಡಿದು ಕೂತಿದ್ದ ಅಂತೋಣಮ್ಮ ಕೆರೆಯ ಉದ್ದಗಲ ಕಣ್ಣಾಡಿಸಿದರು.

"ಮಗಾ, ಎಷ್ಟು ಒಳ್ಳೇ ದೋಣಿ ಮಾಡಿದ್ದೀಯಪ್ಪ! ಇನ್ಮೇಲೆ ರಜಾ ಸಿಕ್ಕಾಗೆಲ್ಲ ಬರೋಣ. ನೀನು ಮಾತ್ರ ನೂಕಿಬಿಟ್ಟು ಆ ದಡದಲ್ಲೇ ಇರು. ನೀನಿದ್ರೆ ಅವಳು ಬಾಯಿ ಬಿಡಲ್ಲ."