ನಯಾಜ ಜೋಡಿಸಿದ ಕಂಪ್ಯೂಟರು

ಹಾವೇರಿಯ ಕೋರ್ಟಿನಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ಎದುರು ಪಕ್ಷದವರು, ನ್ಯಾಯಾಧೀಶರು, ಒಮ್ಮೊಮ್ಮೆ ನನ್ನ ಕಕ್ಷಿದಾರರೇ ನನ್ನನ್ನು ಅವಮಾನಿಸಿದ್ದುಂಟು. ಅದನ್ನೆಲ್ಲ ಕರಿಕೋಟಿನ ಒಳಗೆ ಮುಚ್ಚಿಟ್ಟುಕೊಂಡು ಮನೆಗೆ ಬಂದಿದ್ದೇನೆ. ಆದರೆ ನನ್ನ ಮನೆಯಲ್ಲಿ ಕುಳಿತು, ನನ್ನ ಚಹಾ ಕುಡಿಯುತ್ತ, ನನ್ನ ಕಂಪ್ಯೂಟರನ್ನು ಅವಮಾನಿಸುವವರನ್ನು ಮಾತ್ರ ನಾನು ಸಹಿಸಲಾರೆ. ಅಂಥವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನನ್ನ ಷಡ್ಡಕ ಋಷಿಕೇಶ, ಎಂದರೆ ನನ್ನ ಹೆಂಡತಿಯ ಅಕ್ಕ ಪ್ರಿಯಂವದಾಳ ಗಂಡ.

ಷಡ್ಡಕರು ಇರುವುದು ರಾಣೆಬೆನ್ನೂರಿನಲ್ಲಿ. ಅವರ ಲ್ಯಾಪ್‌ಟಾಪು, ಫೋನು, ಕೈಗಡಿಯಾರ, ಕಿವಿಯಲ್ಲಿ ಸಿಕ್ಕಿಸಿಕೊಳ್ಳುವ ಬಿಳಿ ಗುಂಡಿ ಎಲ್ಲವೂ ಒಂದೇ ಕಂಪನಿಯವು. ಆ ಕಂಪನಿಯ ಹೆಸರು ಹೇಳುವಾಗ ಅವರ ಧ್ವನಿಯಲ್ಲಿ ಒಂದು ಸಣ್ಣ ಕಂಪನ ಹುಟ್ಟುತ್ತದೆ. (ಆ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ನಮ್ಮೆಲ್ಲರ ಪಾಲಿನದನ್ನೂ ಅವರೇ ಹೇಳಿ ಮುಗಿಸಿದ್ದಾರೆ.) ಅವರ ಲ್ಯಾಪ್‌ಟಾಪು ನಡುವೆ ನಿಂತರೆ ಅದು ವಿಚಾರ ಮಾಡುತ್ತಿದೆ ಎನ್ನುತ್ತಾರೆ. ನನ್ನದು ನಿಂತರೆ ಸತ್ತಿತು ಎನ್ನುತ್ತಾರೆ.

ನನ್ನದು ಸಾಯುವ ಜಾತಿಯದಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿ ಇಟ್ಟಿರುವ ನಯಾಜ ಹನ್ನೊಂದು ವರ್ಷದ ಹಿಂದೆ ನನ್ನನ್ನು ಎದುರಿಗೆ ಕೂಡಿಸಿಕೊಂಡು, ಒಂದು ಕಂಪನಿಯ ಪೆಟ್ಟಿಗೆಗೆ ಇನ್ನೊಂದು ಕಂಪನಿಯ ಬೋರ್ಡು, ಮೂರನೆಯದರ ಫ್ಯಾನು ಹಾಕಿ ಸ್ಕ್ರೂ ಬಿಗಿದು ಕೊಟ್ಟದ್ದು. ಬೇಸಿಗೆಯಲ್ಲಿ ಕಾಯುತ್ತದೆಂದು ಒಂದು ಬದಿಯ ತಗಡನ್ನು ತೆಗೆದೇ ಇಟ್ಟಿದ್ದೇವೆ. ಒಳಗೆ ಏನು ನಡೆದಿದೆ ಎಂಬುದು ಕುಳಿತಲ್ಲಿಂದಲೇ ಕಾಣುತ್ತದೆ. ಇಷ್ಟು ಪಾರದರ್ಶಕತೆ ಯಾವ ಕಚೇರಿಯಲ್ಲಿದೆ, ನೀವೇ ಹೇಳಿ.

ಹೋದ ವರ್ಷ ನನ್ನ ಮಗಳು ಶ್ರದ್ಧಾಳಿಗೆ ಷಡ್ಡಕರೇ ಒಂದು ವರ ತಂದರು. ಹುಡುಗನ ಹೆಸರು ತೇಜಸ. ಮನೆ ಬ್ಯಾಡಗಿಯಲ್ಲಿ, ನೌಕರಿ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ಜಾತಕ ಕೂಡಿದೆ ಎಂದು ಎಲ್ಲ ಹೇಳಿದ ಮೇಲೆ ಷಡ್ಡಕರು ಧ್ವನಿ ತಗ್ಗಿಸಿ ನನ್ನ ಕಂಪ್ಯೂಟರಿದ್ದ ಮೂಲೆಯತ್ತ ಕೈ ತೋರಿಸಿದರು.

"ವಕೀಲರ, ಹುಡುಗನ ಲ್ಯಾಪ್‌ಟಾಪೂ ನಮ್ಮ ಕಂಪನೀದು. ಈ ಡಬ್ಬಿ ಕಣ್ಣಿಗೆ ಬಿತ್ತಂದ್ರ ಬಾಗಲದಾಗಿಂದನ ಹೊಳ್ಳಿ ಹೋಗ್ತಾನ. ಅವತ್ತೊಂದಿನ ಎಲ್ಲಿಯಾದ್ರೂ ಮುಚ್ಚಿಡ್ರಿ."

ನಾನು ಕೆರಳಿದೆ. ಕಂಪ್ಯೂಟರು ನೋಡಿ ಹೆಣ್ಣು ಒಪ್ಪುವ ಅಳಿಯ ನನಗೆ ಬೇಡ, ಅವನು ಆ ಕಂಪನಿಯ ಮಗಳನ್ನೇ ಮಾಡಿಕೊಳ್ಳಲಿ ಎಂದೆ. ಅಡುಗೆಮನೆಯಿಂದ ನನ್ನ ಹೆಂಡತಿ ಸುಲಭಾ (ಹೆಸರಷ್ಟೇ ಸುಲಭ) ಸೌಟು ಹಿಡಿದೇ ಹೊರಗೆ ಬಂದಳು.

"ಹುಡುಗಿ ಲಗ್ನ ಆಗೂತನಕ ನಿಮ್ಮ ಸ್ವಾಭಿಮಾನ ಅಟ್ಟದ ಮ್ಯಾಲ ಇಡ್ರಿ," ಎಂದಳು. "ಆಮ್ಯಾಲ ನಾನ ಇಳಿಸಿ ಕೊಡ್ತೀನಿ."

ಮೇಲ್ಮನವಿಗೆ ಅವಕಾಶವಿರಲಿಲ್ಲ. ಶ್ರದ್ಧಾಳ ಮುಖ ನೋಡಿದೆ. ಅವಳು ಪುಸ್ತಕದ ಮರೆಯಲ್ಲಿ ನಗುತ್ತಿದ್ದಳು.

ಹೆಣ್ಣು ನೋಡುವ ದಿನ, ಭಾನುವಾರ ಬೆಳಿಗ್ಗೆ, ಷಡ್ಡಕರು ತಮ್ಮ ಇನ್ನೊಂದು ಲ್ಯಾಪ್‌ಟಾಪನ್ನು ತಂದು, ಕಂಪನಿಯ ಗುರುತು ಬಾಗಿಲ ಕಡೆಗೆ ಕಾಣುವಂತೆ ಮೇಜಿನ ಮೇಲೆ ಪ್ರತಿಷ್ಠಾಪಿಸಿದರು. ಸುಲಭಾ ನನ್ನ ಕಂಪ್ಯೂಟರಿಗೆ ಹೂವಿನ ಚಿತ್ರದ ಚಾದರ ಹೊದಿಸಿದಳು. ನಾನು ಒಂದೇ ಒಂದು ಪ್ರತಿಭಟನೆ ಮಾಡಿದೆ: ಅದನ್ನು ಬಂದ್ ಮಾಡಲಿಲ್ಲ.

ಬ್ಯಾಡಗಿಯಿಂದ ತೇಜಸ ತಂದೆತಾಯಿಗಳೊಡನೆ ಬಂದ. ತಿಂಡಿಗೆ ಶಿರಾ, ಅವಲಕ್ಕಿ ಆಯಿತು. ಮಾತು ಹುಡುಗಿಯ ಓದು, ಹುಡುಗನ ನೌಕರಿಗಳನ್ನು ದಾಟಿ ಷಡ್ಡಕರ ಕೈಗೆ ಸಿಕ್ಕು ಕಂಪನಿಯ ಹತ್ತಿರ ಬಂದು ನಿಂತಿತು. ಅವರು ಬಹಳ ಹೊತ್ತು ಅದರ ಗುಣಗಾನ ಮಾಡಿ, ಕೊನೆಗೆ ಇಡೀ ನಮ್ಮ ಮನೆತನವೇ ಆ ಕಂಪನಿಯದು ಎಂದುಬಿಟ್ಟರು. ಅಷ್ಟರಲ್ಲಿ ಚಾದರದ ಒಳಗೆ ಉಸಿರುಕಟ್ಟಿದ ನನ್ನ ಕಂಪ್ಯೂಟರು ಗೊರ್ ಗೊರ್ ಎನ್ನತೊಡಗಿತು. ಹುಡುಗನ ತಾಯಿ ಅತ್ತ ನೋಡಿ, ಬಹಳ ಮರ್ಯಾದೆಯಿಂದ, ಮನೆಯಲ್ಲಿ ಹಿರಿಯರಿಗೆ ಆರಾಮಿಲ್ಲವೇನೆಂದು ಕೇಳಿದರು.

"ಏನಿಲ್ಲರಿ," ಎಂದರು ಷಡ್ಡಕರು. "ಹಳೇ ಸಾಮಾನು. ನಾಳೆ ಗುಜರಿಯಂವ ಬರ್ತಾನ."

ನಾನು ಎದ್ದೆ. ಸುಲಭಾಳ ಕಣ್ಣು ನನ್ನನ್ನು ಕೂರಿಸಲು ನೋಡಿತು, ಆದರೂ ಎದ್ದೆ. ಹೋಗಿ ಚಾದರ ಎಳೆದುಹಾಕಿದೆ.

"ಇದು ನನ್ನ ಕಂಪ್ಯೂಟರ್," ಎಂದೆ. "ನಮ್ಮ ನಯಾಜ ಜೋಡಿಸ್ಯಾನ. ನನ್ನ ಮಗಳು ಎಂ.ಎಸ್ಸಿ. ಪ್ರಬಂಧ ಇದರಾಗನ ಬರದಾಳ. ಇದರ ಮೈಮ್ಯಾಲ ಯಾವ ಕಂಪನಿ ಹೆಸರೂ ಇಲ್ಲ. ಇದನ್ನ ನೋಡಿ ಹೊಳ್ಳಿ ಹೋಗಾವರಿದ್ರ ಹೋಗ್ಲಿ. ಆದ್ರ ಚಹಾ ಕುಡದು ಹೋಗ್ಲಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಆದರೆ ವಕೀಲನ ಬಾಯಿ. ಇದರ ಸಮಾನವಾದ ಯಂತ್ರ ಮೂರು ಲೋಕದಲ್ಲಿಲ್ಲ, ಎಂಥ ಮಳಿಗೆಗೆ ಹೋದರೂ ಇಂಥದು ಸಿಗಲಾರದು, ಇಂಥದನ್ನು ಪಡೆದವನೇ ಭಾಗ್ಯವಂತ ಎಂದೆಲ್ಲ ಹೇಳಿ ಕುಳಿತೆ. ಸುಲಭಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅದನ್ನು ಕಂಡು, ನನ್ನ ಹಟಕ್ಕಾಗಿ ಮಗಳ ಸಂಬಂಧ ಕೆಡಿಸಿದೆನೇನೋ ಎಂದು ಮೊದಲ ಬಾರಿಗೆ ನನಗೂ ಹೆದರಿಕೆಯಾಯಿತು.

ತೇಜಸ ಎದ್ದು ಬಂದ. ಬಾಗಿಲ ಕಡೆಗಲ್ಲ, ಮೂಲೆಗೆ. ಮೊಣಕಾಲೂರಿ ಕುಳಿತು ಒಳಗೆ ಇಣುಕಿದ.

"ಇದನ್ನ ಬಿಚ್ಚಬಹುದೇನ್ರಿ?" ಎಂದು ಕೇಳಿದ.

"ಬಿಚ್ಚೇ ಇಟ್ಟೀವಿ," ಎಂದೆ.

ಅವನ ಲ್ಯಾಪ್‌ಟಾಪು ಆಫೀಸಿನವರು ಕಡ್ಡಾಯವಾಗಿ ಕೊಡಿಸಿದ್ದಂತೆ. ಅದನ್ನು ಬಿಚ್ಚಿ ನೋಡಲು ಮೂರು ವರ್ಷದಿಂದ ಅವನ ಕೈ ತುರಿಸುತ್ತಿತ್ತಂತೆ. ಶ್ರದ್ಧಾ ಟಾರ್ಚು ತಂದು ಹಿಡಿದಳು. ಇಬ್ಬರೂ ಮೇಜಿನ ಕೆಳಗೆ ತಲೆ ಹಾಕಿ, ಫ್ಯಾನಿನ ಧೂಳು ಜಾಡಿಸುತ್ತ ಮುಕ್ಕಾಲು ಗಂಟೆ ಮಾತಾಡಿದರು. ಹೊರಗೆ ಬಂದಾಗ ಇಬ್ಬರ ಮೂಗಿಗೂ ಮಸಿ ಹತ್ತಿತ್ತು, ಸಂಬಂಧ ಕುದುರಿತ್ತು. ಷಡ್ಡಕರು ತಮ್ಮ ಲ್ಯಾಪ್‌ಟಾಪನ್ನು ಮಡಚಿ ಚೀಲಕ್ಕೆ ಹಾಕಿಕೊಂಡ ಆ ದೃಶ್ಯವನ್ನು ನಾನು ಈಗಲೂ ಊಟವಾದ ಮೇಲೆ ನೆನೆಸಿಕೊಳ್ಳುತ್ತೇನೆ.

ಲಗ್ನದ ಮಾತುಕತೆಯಲ್ಲಿ ಬೀಗರು ಏನೂ ಬೇಡವೆಂದರು. ನಾನು ಉದಾರವಾಗಿ, ಅಳಿಯಂದಿರಾದರೂ ಏನಾದರೂ ಕೇಳಲಿ ಎಂದೆ. ತೇಜಸ ಬಹಳ ಸಂಕೋಚಪಟ್ಟು, ಆ ಕಂಪ್ಯೂಟರು ಕೊಟ್ಟರೆ ಸಾಕು ಎಂದ. ಮೂರು ಲೋಕದ ಮಾತು ಹತ್ತು ಜನರ ಎದುರಿಗೆ ಆಡಿದವನು ನಾನೇ. ಸುಲಭಾ ನನ್ನ ಉತ್ತರಕ್ಕೂ ಕಾಯದೆ ಹೂಂ ಅಂದಳು. ಲಗ್ನವಾಗಿ ಮಗಳು, ಅಳಿಯ ರಾಣೆಬೆನ್ನೂರಿನಲ್ಲಿ ಮನೆ ಮಾಡಿದಾಗ ಅದೂ ಅವರ ಜೊತೆ ಹೋಯಿತು. ನನಗೆ ತೊಂದರೆಯಾಗಬಾರದೆಂದು ಅಳಿಯ, ಆಫೀಸಿನಿಂದ ಹೊಸದು ಬಂದ ಕೂಡಲೇ ತನ್ನ ಹಳೆಯ ಲ್ಯಾಪ್‌ಟಾಪನ್ನು ಅವರಿಂದ ಬಿಡಿಸಿಕೊಂಡು ನನಗೆ ತಂದುಕೊಟ್ಟ. ಹೌದು, ಷಡ್ಡಕರ ಕಂಪನಿಯದೇ.

ನಾನು ಒಂದು ತಿಂಗಳು ಅದನ್ನು ಮುಟ್ಟದೆ ಸತ್ಯಾಗ್ರಹ ಹೂಡಿದೆ. ಅಷ್ಟರಲ್ಲಿ ಅದು ಸುಲಭಾಳದಾಗಿತ್ತು. ಅವಳು ಅದರಲ್ಲಿ ಅಕ್ಕನ ಮುಖ ನೋಡುತ್ತ ಮಧ್ಯಾಹ್ನವೆಲ್ಲ ಮಾತಾಡುತ್ತಾಳೆ. ನನಗೆ ಸಂಜೆ ಒಂದು ತಾಸು ಸಿಗುತ್ತದೆ, ಅದೂ ಪ್ರಿಯಂವದಾ ಗುಡಿಗೆ ಹೋದರೆ. ಹೀಗಿರುವಾಗ ಒಂದು ಸೋಮವಾರ ಕೋರ್ಟಿಗೆ ಕೊಡಬೇಕಾದ ಅರ್ಜಿ ತಯಾರಾಗಬೇಕಿತ್ತು. ನನಗೂ ಅಭಿಮಾನವಿದೆ. ಭಾನುವಾರ ಬೆಳಿಗ್ಗೆ ಕಾಗದಪತ್ರಗಳನ್ನು ಕಟ್ಟಿಕೊಂಡು, ನನ್ನ ಯಂತ್ರದಲ್ಲೇ ಟೈಪು ಮಾಡುತ್ತೇನೆಂದು ಸಾರಿ, ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ಮಗಳ ಮನೆಯ ಪಡಸಾಲೆಯಲ್ಲಿ ಅದು ಸಾಗವಾನಿ ಮೇಜಿನ ಮೇಲೆ ಕುಳಿತಿತ್ತು. ತಗಡಿಲ್ಲದ ಬದಿಗೆ ಗಾಜು ಹಾಕಿಸಿದ್ದರು, ಒಳಗೆ ನೀಲಿ ದೀಪ. ಸುತ್ತಲೂ ಅಳಿಯನ ಮೂವರು ಗೆಳೆಯರು ಮೆಲುದನಿಯಲ್ಲಿ ಬೋರ್ಡಿನ ವಂಶಾವಳಿ ಚರ್ಚಿಸುತ್ತಿದ್ದರು. ನಾನು ಕುರ್ಚಿ ಎಳೆದುಕೊಂಡು ಕೈ ಚಾಚಿದೆ.

"ಮಾವಾರ, ಒಂದ ನಿಮಿಷ," ಎಂದ ತೇಜಸ, ಬಹಳ ವಿನಯದಿಂದ. "ಟೈಪಿಂಗಿಗೆ ಇದನ್ನ ಹಚ್ಚೂದಿಲ್ಲರಿ. ಈ ಬೋರ್ಡ್ ಈಗ ಎಲ್ಲೂ ಸಿಗೂದಿಲ್ಲ. ನೀವ ಹೇಳಿದ್ರಲ್ಲಾ."

ಶ್ರದ್ಧಾಳತ್ತ ನೋಡಿದೆ. ಅವಳು ಗಾಜು ಒರೆಸುತ್ತಿದ್ದಳು. ಗೆಳೆಯರಲ್ಲಿ ಒಬ್ಬ, ವಿಜಯಮಹಾಂತೇಶ ಎಂಬವನು, ನಾನು ಮನೆಯಲ್ಲಿ ಯಾವುದನ್ನು ಬಳಸುತ್ತೇನೆಂದು ಕೇಳಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ (ಕೋರ್ಟಿನ ಹೊರಗೆ ನನಗದು ಬರುವುದಿಲ್ಲ). ಕಂಪನಿಯ ಹೆಸರು ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇರ್ಲಿ ಬಿಡ್ರಿ," ಎಂದು ಸಮಾಧಾನ ಹೇಳಿದ. "ಎಲ್ಲಾರಿಗೂ ಇದರ ರುಚಿ ಹತ್ತಬೇಕಂದ್ರ ಹೆಂಗ?"

ನಾನು ಪಡಸಾಲೆಯ ನಡುವೆಯೇ ಚಾಪೆ ಹಾಸಿಕೊಂಡು ಕುಳಿತು, ಹನ್ನೆರಡು ಪುಟದ ಅರ್ಜಿಯನ್ನು ಕೈಯಿಂದಲೇ ಬರೆಯಲು ಶುರುಮಾಡಿದೆ. ಅರ್ಧ ಪುಟವಾಗುವಷ್ಟರಲ್ಲಿ ವಿಜಯಮಹಾಂತೇಶ ಬಗ್ಗಿ ನನ್ನ ಪೆನ್ನನ್ನು ನೋಡತೊಡಗಿದ. ಅದನ್ನು ಮಾಡಿದ ಕಂಪನಿಯ ಹೆಸರಿದ್ದ ಜಾಗವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದು, ಮುಂದಿನ ಸಾಲು ಬರೆದೆ.