ಅತ್ತೆ ಮಾಡಿದ ಕೊಲೆಗಳು

ನಮ್ಮ ಅತ್ತೆ ಹದಿನೈದು ದಿನಕ್ಕೊಂದು ಕೊಲೆ ಮಾಡುತ್ತಿದ್ದರು. ಅದೂ ಭಾನುವಾರ, ಊಟವಾದ ಮೇಲೆ, ಎಲೆ ಅಡಿಕೆ ಹಾಕಿಕೊಂಡು! ಗಾಬರಿಯಾಯಿತೇ? ನನಗೂ ಆಗಿತ್ತು, ಆದರೆ ಬೇರೆ ಕಾರಣಕ್ಕೆ. ಕೇಳಿ.

ಎಂಬತ್ತರ ದಶಕದ ಕೊನೆಯಲ್ಲಿ ಬ್ಯಾಂಕಿನವರು ಧಾರವಾಡದಲ್ಲಿದ್ದ ನನ್ನನ್ನು ಎತ್ತಿ ವಿಶಾಖಪಟ್ಟಣದ ಪೆಂಡುರ್ತಿಗೆ ಒಗೆದರು. ಇಡೀ ಆಂಧ್ರದಲ್ಲಿ ನನಗಿದ್ದ ಬಂಧುವೆಂದರೆ ವಿಜಯವಾಡದ ಭವಾನಿಪುರಂನಲ್ಲಿದ್ದ ಈ ಅತ್ತೆ, ನಮ್ಮಪ್ಪನ ಚಿಕ್ಕಪ್ಪನ ಮಗಳು. ತೆಲುಗರ ಮನೆ ಸೇರಿ ಮೂವತ್ತು ವರ್ಷವಾಗಿತ್ತು. ಎರಡು ವಾರಕ್ಕೊಮ್ಮೆ ಶನಿವಾರ ದುವ್ವಾಡದಲ್ಲಿ ರೈಲು ಹತ್ತಿ ಅವರಲ್ಲಿಗೆ ಹೋಗುತ್ತಿದ್ದೆ. ಗೋಂಗೂರ ಪಚ್ಚಡಿಯ, ಅಂದರೆ ಪುಂಡಿಸೊಪ್ಪಿನ ಚಟ್ನಿಯ, ಆಸೆಗೆ ಎಂದುಕೊಂಡಿರಾ? ಛೆ, ಕಥೆಯ ಆಸೆಗೆ!

ಅತ್ತೆಗೆ ನಿಗೂಢ ಕಥೆಗಳ ಹುಚ್ಚು. ಅವರ ಪಾಲಿಗೆ ಲೋಕದಲ್ಲಿ ಯಾವುದೂ ಸುಮ್ಮನೆ ನಡೆಯುತ್ತಿರಲಿಲ್ಲ. ಬಂದ ಕಾಗದವನ್ನು ಒಡೆಯದೆ ಬೆಳಕಿಗೆ ಹಿಡಿದು, "ಇದರಾಗ ಏನೋ ಅದ" ಎನ್ನುವರು. ಕಾಗದದಲ್ಲಿ ಏನೋ ಇರದೆ ಇರುತ್ತದೆಯೇ? ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನು ಎಡಗೈಯಲ್ಲಿ ರಸೀದಿ ಬರೆದನೆಂದು ಅರ್ಧ ಗಂಟೆ ವಿಚಾರಣೆ ಮಾಡಿದರು. ಪಾಪ, ಅವನು ಸಿಲಿಂಡರ್ ಬಾಗಿಲಲ್ಲೇ ಬಿಟ್ಟು ಓಡಿದ. "ಆವಿಡ ಅಂತೇ ಬಾಬೂ" ಎಂದರು ಮಾವ. ಅವಳು ಹಾಗೇ ಕಣಪ್ಪ ಎಂದರ್ಥ. ಹಾಗೆಂದು ತಾವೇ ಅದನ್ನು ಉರುಳಿಸಿಕೊಂಡು ಒಳಗೆ ಹೋದರು.

ಊಟವಾದ ಮೇಲೆ ಅತ್ತೆ ತೆಲುಗು ವಾರಪತ್ರಿಕೆ ಬಿಡಿಸಿ ಧಾರಾವಾಹಿಯನ್ನು ಕನ್ನಡದಲ್ಲಿ ಓದಿ ಹೇಳುವರು. ನನ್ನ ತೆಲುಗು ಓದು ಬಸ್ಸಿನ ಬೋರ್ಡು ದಾಟಿರಲಿಲ್ಲ. ಈ ಸಲದ ಕಥೆಯಂತೂ ಭಯಂಕರ! ಮದುವೆಯ ದಿಬ್ಬಣ ಕೃಷ್ಣೆ ದಾಟುವಾಗ ನಡುನೀರಿನಲ್ಲಿ ಮದುಮಗ ಮಾಯ. ಆಮೇಲೆ ದೋಣಿಯಲ್ಲಿದ್ದವರು ಒಬ್ಬೊಬ್ಬರಾಗಿ ಕೀಟನಾಶಕ ಬೆರೆಸಿದ ಲಾಡು ತಿಂದು ಸಾಯತೊಡಗಿದರು. ಪುರೋಹಿತ ಹೋದ, ಅಂಬಿಗ ಹೋದ, ಲಾಡು ಕಟ್ಟಿದ ಅಡುಗೆಯವನೂ ಹೋದ! ಇನ್ನೇನು ಗುಟ್ಟು ಹೊರಬೀಳಬೇಕು, ಅತ್ತೆ ಪತ್ರಿಕೆ ಮುಚ್ಚಿಬಿಡುವರು. "ಮುಂದಿಂದು ಮುಂದಿನ ಸಲ!" ಹದಿನೈದು ದಿನ ಕೌಂಟರಿನಲ್ಲಿ ಕೂತರೂ ನನ್ನ ಕಣ್ಣೆದುರು ಲಾಡೇ.

ಒಂದು ಶನಿವಾರ ನನ್ನ ಜೇಬಿನಲ್ಲಿ ಧಾರವಾಡಕ್ಕೆ ವರ್ಗದ ಆರ್ಡರ್ ಇತ್ತು. ಸಂತೋಷವೇ, ಆದರೆ ಕೊಲೆಗಾರ ಯಾರು? ನೋಡುತ್ತೇನೆ, ರೈಲಿನಲ್ಲಿ ಎದುರಿಗೆ ಕೂತವರ ಕೈಯಲ್ಲಿ ಅದೇ ಪತ್ರಿಕೆ! ಮದುಮಗ ಸಿಕ್ಕನೇ ಎಂದು ನನ್ನ ಹರಕು ತೆಲುಗಿನಲ್ಲಿ ಕೇಳಿಯೇಬಿಟ್ಟೆ.

"ಏ ಪೆಳ್ಳಿಕೊಡುಕಂಡೀ?" ಎಂದರು ಅವರು. ಯಾವ ಮದುಮಗ?

ವಜ್ರದ ಹಾರದ ಧಾರಾವಾಹಿಯೊಂದು ಬರುತ್ತಿತ್ತಂತೆ. ಅದೂ ಸಂಕ್ರಾಂತಿಗೇ ಮುಗಿದಿತ್ತಂತೆ. ಈಗ ಯುಗಾದಿಯೇ ಕಳೆದಿತ್ತಲ್ಲ! ಪತ್ರಿಕೆ ಇಸಿದುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ಅತ್ತೆ ಪ್ರತಿ ಸಲ ಬಿಡಿಸಿ ನನಗೆ ಓದಿ ಹೇಳುತ್ತಿದ್ದ ನಡುಪುಟದಲ್ಲಿದ್ದದ್ದು ಕೃಷಿ ಅಂಕಣ, ಬದನೆ ಗಿಡದ ಹುಳು ನಿವಾರಣೆ! ನಾನು ಗಾಬರಿಯಾದದ್ದು ಇಲ್ಲಿಯೇ. ಲಾಡಿಗೆ ಕೀಟನಾಶಕ ಎಲ್ಲಿಂದ ಬಂತೆಂದು ಆಗ ಹೊಳೆಯಿತು.

ಮರುದಿನ ಊಟವಾದ ಮೇಲೆ ಅತ್ತೆ ಪತ್ರಿಕೆ ಬಿಡಿಸಿದ್ದೇ ತಡ, "ಅತ್ತಿ, ಇದು ಬದನಿಕಾಯಿ ಹುಳದ ಪುಟ!" ಎಂದೆ.

ಅತ್ತೆ ಒಂದಿಷ್ಟೂ ಅಳುಕಲಿಲ್ಲ. "ಅವರ ಕಥಿ ಛಲೋ ಇರಲಿಲ್ಲೋ ತಮ್ಮಾ. ಎರಡನೇ ವಾರಕ್ಕನ ಕಳ್ಳ ಯಾರಂತ ಗೊತ್ತಾತು."

"ಮತ್ತ ನನಗ್ಯಾಕ ಹೇಳಲಿಲ್ರಿ?"

ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು. "ನಾ ಹೆತ್ತ ಮಕ್ಕಳೂ ನನ್ನ ಜೋಡಿ ತೆಲುಗಿನಾಗನ ಮಾತಾಡ್ತಾರ. ಮೂವತ್ತು ವರ್ಷದಾಗ ನನ್ನ ಕನ್ನಡಾ ಕೂತು ಕೇಳಿದಾಂವ ನೀ ಒಬ್ಬನ. ಕಥಿ ಮುಗದ್ರ ನೀ ಯಾಕ ಬರ್ತಿ?"

"ಧಾರವಾಡಕ್ಕ ವರ್ಗ ಆತ್ರಿ" ಎಂದು ಆರ್ಡರ್ ಮುಂದಿಟ್ಟೆ. ಅತ್ತೆ ಅದನ್ನು ಬೆಳಕಿಗೆ ಹಿಡಿಯಲಿಲ್ಲ. ಮಡಿಕೆ ಬಿಚ್ಚಿ ನೋಡಿ, ಮತ್ತೆ ಮಡಿಸಿ ಕೊಟ್ಟರು.

"ಹಂಗಾರ ಇವತ್ತ ಮುಗಿಸಿಬಿಡ್ಲೇನು? ಯಾರು ಕೊಂದ್ರಂತ ಹೇಳ್ತೀನಿ."

ಅದಕ್ಕಾಗಿಯೇ ತಿಂಗಳುಗಟ್ಟಲೆ ಒದ್ದಾಡಿದವನು ನಾನು! ಆದರೆ ತಲೆ ಅಲ್ಲಾಡಿಸಿದೆ.

"ಬ್ಯಾಡ್ರಿ ಅತ್ತಿ. ಕೊಲೆಗಾರ ಈಗ ಸಿಗೂದು ಬ್ಯಾಡ. ಕೇಳ್ಲಿಕ್ಕೆ ನಾ ಮತ್ತ ಬರ್ತೀನಿ."

ಅತ್ತೆ ಕನ್ನಡಕ ಏರಿಸಿ, ಮತ್ತೆ ಪತ್ರಿಕೆ ಎತ್ತಿಕೊಂಡು, ವಾಲಗದವನಿಗೆ ಲಾಡು ತಿನ್ನಿಸತೊಡಗಿದರು. ಪತ್ರಿಕೆ ತಲೆಕೆಳಗಾಗಿತ್ತು. ನಾನು ಹೇಳಲಿಲ್ಲ.